ಕತ್ತಲೆಯ ಲೀಟರ್ ಲೆಕ್ಕ

ಪುನರ್ವಸು, ಪುಷ್ಯ, ಆಶ್ಲೇಷ. ಜುಲೈ ಮೊದಲ ವಾರದಿಂದ ಆಗಸ್ಟ್ ಮಧ್ಯದವರೆಗೆ ಹೊಯ್ಯುವ ಈ ಮೂರು ಮಳೆಗಳಲ್ಲಿ ಮಲೆನಾಡಿನ ಒಂಟಿಮನೆಗೆ ಕರೆಂಟು ಹೋದರೆ, ಅದು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ಯಾವ ವಾರ ಬರುತ್ತದೆ ಎಂದು ಕೇಳುತ್ತಾರೆ. ತೋಟದ ಸಿಲ್ವರ್ ಓಕ್ ಲೈನಿನ ಮೇಲೆ ಬಿದ್ದಿರುತ್ತದೆ. ಅದನ್ನು ಕಡಿದು ತೆಗೆಯುವಷ್ಟರಲ್ಲಿ ಮುಂದಿನ ತಿರುವಿನಲ್ಲಿ ಮತ್ತೊಂದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಕಂಬಗಳ ಜೊತೆಗೆ, ಕಂಬದ ಬುಡಕ್ಕೆ ಹೋಗಬೇಕಾದ ರಸ್ತೆಗಳೂ ಕೊಚ್ಚಿಹೋಗಿದ್ದವು.

ಇಂಥ ಕತ್ತಲೆಗೆಂದು ಪೇಟೆಯಲ್ಲಿ ಜನರೇಟರ್ ವಿಚಾರಿಸಿದರೆ ಅಂಗಡಿಯವರ ಮೊದಲ ಪ್ರಶ್ನೆ 'ಎಷ್ಟು ಕೆವಿಎ?' ಅಂದರೆ, ಯಂತ್ರ ಒಮ್ಮೆಗೆ ಎಷ್ಟು ಭಾರ ಹೊರಬೇಕು? ಎರಡು ಗಂಟೆಯ ಲೋಡ್‌ಶೆಡ್ಡಿಂಗ್‌ಗೆ ಅದು ಸರಿಯಾದ ಪ್ರಶ್ನೆಯೇ. ಹತ್ತು ದಿನದ ಕತ್ತಲೆಗೆ ಮಾತ್ರ ಮೊದಲು ಕೇಳಬೇಕಾದದ್ದು ಬೇರೆ: ಮನೆಯಲ್ಲಿ ಎಷ್ಟು ಲೀಟರ್ ಇಂಧನವಿದೆ, ಒಂದು ಲೀಟರಿನಿಂದ ಎಷ್ಟು ಯೂನಿಟ್ ಹಿಂಡಬಹುದು?

ಒಂದು ಲೀಟರ್ ಪೆಟ್ರೋಲ್ ಉರಿದರೆ ಎಂಟರಿಂದ ಒಂಬತ್ತು ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಹೊರಬರುತ್ತದೆ. ಹಗ್ಗ ಎಳೆದು ಚಾಲೂ ಮಾಡುವ ಎರಡು ಕೆವಿಎಯ ಸಾದಾ ಜನರೇಟರ್ ಅದರಲ್ಲಿ ನಮಗೆ ಕೊಡುವುದು ಸುಮಾರು ಒಂದೂವರೆ ಯೂನಿಟ್. ಅದೂ ಪೂರ್ತಿ ಭಾರ ಹೊತ್ತಾಗ. ಉಳಿದದ್ದೆಲ್ಲ ಸೈಲೆನ್ಸರಿನ ಬಿಸಿ, ಸಿಲಿಂಡರಿನ ಬಿಸಿ ಮತ್ತು ಗದ್ದಲ. ಇಷ್ಟಕ್ಕೇ ನಿಂತಿದ್ದರೆ ಸಹಿಸಬಹುದಿತ್ತು. ನಿಜವಾದ ನಷ್ಟ ಶುರುವಾಗುವುದು ಭಾರ ಕಡಿಮೆಯಾದಾಗ.

ಕಾರಣ ಸರಳ. ನಮ್ಮ ಫ್ಯಾನು, ಪಂಪುಗಳಿಗೆ ಬೇಕಾದದ್ದು ಸೆಕೆಂಡಿಗೆ 50 ಆವರ್ತನೆಯ ವಿದ್ಯುತ್. ಕಾಂತ ಮತ್ತು ತಂತಿಸುರುಳಿ ಒಂದರ ಪಕ್ಕ ಒಂದು ಸರಿದಾಡಿದರೆ ವಿದ್ಯುತ್ ಹುಟ್ಟುತ್ತದೆಂದು 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟ ತತ್ವವೇ ಇಲ್ಲಿಯೂ ಕೆಲಸ ಮಾಡುವುದು. ಒಂದು ಜೋಡಿ ಧ್ರುವಗಳ ಕಾಂತವಾದರೆ ಅದು ಸೆಕೆಂಡಿಗೆ 50 ಸುತ್ತು, ಅಂದರೆ ನಿಮಿಷಕ್ಕೆ 3000 ಸುತ್ತು ತಿರುಗಲೇಬೇಕು. ಮನೆಯಲ್ಲಿ ಪಂಪ್ ಓಡುತ್ತಿರಲಿ, ಒಂದೇ ಒಂದು ಎಲ್‌ಇಡಿ ಬಲ್ಬ್ ಉರಿಯುತ್ತಿರಲಿ, ಎಂಜಿನ್ನಿಗೆ ಈ ವೇಗದಿಂದ ಬಿಡುಗಡೆಯಿಲ್ಲ. ಪಿಸ್ಟನ್ನಿನ ಘರ್ಷಣೆ, ಗಾಳಿ ಎಳೆದು ದೂಡುವ ಶ್ರಮ ಇವೆಲ್ಲ ಭಾರವಿಲ್ಲದಿದ್ದರೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಪೂರ್ಣ ಭಾರದಲ್ಲಿ ಗಂಟೆಗೆ ಒಂದು ಲೀಟರಿನ ಆಸುಪಾಸು ಕುಡಿಯುವ ಯಂತ್ರ, ನಾಲ್ಕು ಬಲ್ಬ್ ಮತ್ತು ಒಂದು ಟಿವಿಗಾಗಿ ಓಡುವಾಗಲೂ ಅರ್ಧ ಲೀಟರಿನಷ್ಟು ಕುಡಿಯುತ್ತದೆ. ಲೀಟರಿಗೆ ನೂರು ರೂಪಾಯಿ ದಾಟಿರುವ ಪೆಟ್ರೋಲಿನಲ್ಲಿ ಪೂರ್ಣ ಭಾರದ ಒಂದು ಯೂನಿಟ್‌ಗೆ ಅರವತ್ತು ಎಪ್ಪತ್ತು ರೂಪಾಯಿ ಬಿದ್ದರೆ, ಬಲ್ಬ್ ಮತ್ತು ಟಿವಿಯ ಯೂನಿಟ್‌ಗೆ ನಾನೂರು ರೂಪಾಯಿಗೂ ಮೇಲೆ. ಈಚೆಗೆ ಬಂದಿರುವ ಇನ್ವರ್ಟರ್ ಜನರೇಟರ್‌ಗಳು ಈ ಕಟ್ಟನ್ನು ಬಿಡಿಸಿಕೊಂಡಿವೆ. ಅವು ಹುಟ್ಟಿದ ವಿದ್ಯುತ್ತನ್ನು ಮೊದಲು ಡಿಸಿ ಮಾಡಿ, ಆಮೇಲೆ ಎಲೆಕ್ಟ್ರಾನಿಕ್ ಮಂಡಲದಿಂದ 50 ಆವರ್ತನೆಯ ಎಸಿ ತಯಾರಿಸುವುದರಿಂದ ಎಂಜಿನ್ ಭಾರಕ್ಕೆ ತಕ್ಕಂತೆ ನಿಧಾನವಾಗಬಲ್ಲದು. ಬೆಲೆಯೂ ಹಾಗೆಯೇ ಹೆಚ್ಚು.

ಈಗ ಸಂಗ್ರಹದ ಲೆಕ್ಕ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ, ಮಾರಾಟಕ್ಕಲ್ಲದ ಪೆಟ್ರೋಲನ್ನು ಪರವಾನಗಿಯಿಲ್ಲದೆ ಇಟ್ಟುಕೊಳ್ಳಲು ಇರುವ ಮಿತಿ 30 ಲೀಟರ್. ಗಂಟೆಗೆ ಅರ್ಧ ಲೀಟರಿನಂತೆ ಹಗಲೂ ರಾತ್ರಿ ಓಡಿಸಿದರೆ ಇದು ಎರಡೂವರೆ ದಿನಕ್ಕೆ ಖಾಲಿ. ಅದೇ ಯಂತ್ರವನ್ನು ಚೆನ್ನಾಗಿ ಭಾರ ಹೊರಿಸಿ ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಒಂದೂವರೆ ಗಂಟೆ ಮಾತ್ರ ಓಡಿಸಿದರೆ ದಿನಕ್ಕೆ ಎರಡೂವರೆ ಲೀಟರ್ ಸಾಕು. ಹನ್ನೆರಡು ದಿನ ಬರುತ್ತದೆ. ಎಂಜಿನ್ ಅದೇ, ಎಣ್ಣೆ ಅದೇ, ಕತ್ತಲೆಯ ಉದ್ದ ಮಾತ್ರ ಬೇರೆ. ಡೀಸೆಲ್ ಸಂಗ್ರಹಕ್ಕೆ ಕಾಯ್ದೆ ಬಹಳ ಸಡಿಲ, ಡೀಸೆಲ್ ಜನರೇಟರ್ ಲೀಟರಿಗೆ ಮೂರು ಯೂನಿಟ್ ಕೂಡ ಕೊಟ್ಟೀತು. ಆದರೆ ಅದು ದೊಡ್ಡ ಯಂತ್ರ. ಸಣ್ಣ ಮನೆಯ ಹಗುರ ಭಾರದಲ್ಲಿ ವಾರಗಟ್ಟಲೆ ಓಡಿದರೆ ಸಿಲಿಂಡರ್ ಸಾಕಷ್ಟು ಕಾಯದೆ, ಸರಿಯಾಗಿ ಉರಿಯದ ಡೀಸೆಲ್ ಮತ್ತು ಮಸಿ ಸೈಲೆನ್ಸರಿನೊಳಗೆ ಜಿಡ್ಡಾಗಿ ಕೂರುತ್ತದೆ.

ಹಾಗಾದರೆ ಆ ಮೂರು ಗಂಟೆಯಲ್ಲಿ ಏನು ಮಾಡಬೇಕು? ಆಮೇಲಿನ ಇಪ್ಪತ್ತೊಂದು ಗಂಟೆಗೆ ಆಗುವುದನ್ನೆಲ್ಲ ಕೂಡಿಡಬೇಕು. ಮೊದಲು ನೀರು. ಸಾವಿರ ಲೀಟರಿನ ತೊಟ್ಟಿಯನ್ನು ಹತ್ತು ಮೀಟರ್ ಮೇಲಕ್ಕೆ ತುಂಬಲು ಭೌತಶಾಸ್ತ್ರ ಕೇಳುವ ಶಕ್ತಿ ಒಂದು ಯೂನಿಟ್‌ನ ನಲವತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ಪಂಪಿನ ನಷ್ಟವೆಲ್ಲ ಸೇರಿಸಿದರೂ ಇದು ಅತ್ಯಂತ ಅಗ್ಗದ ಕೆಲಸ, ಆದರೆ ಜನರೇಟರಿನ ಗಾತ್ರವನ್ನು ತೀರ್ಮಾನಿಸುವುದೂ ಈ ಪಂಪೇ. ಒಂದು ಎಚ್‌ಪಿಯ ಮೋಟಾರು ಓಡುವಾಗ ಸುಮಾರು ಒಂದು ಕಿಲೋವ್ಯಾಟ್ ಎಳೆದರೂ, ನಿಂತಲ್ಲಿಂದ ಹೊರಡುವ ಆ ಕ್ಷಣದಲ್ಲಿ ಐದಾರು ಪಟ್ಟು ಕರೆಂಟು ಕೇಳುತ್ತದೆ. ಎರಡು ಕೆವಿಎಯ ಯಂತ್ರ ಅಲ್ಲಿ ಗೊರ್ ಎಂದು ಕುಸಿಯಬಹುದು. ಆದ್ದರಿಂದ ಪಂಪ್ ಇರುವ ಮನೆಗೆ ಅದಕ್ಕಿಂತ ದೊಡ್ಡ ಯಂತ್ರವೇ ಬೇಕು, ಮತ್ತು ಬೇರೆಲ್ಲ ಸ್ವಿಚ್ ಆರಿಸಿ ಪಂಪನ್ನೇ ಮೊದಲು ಹಚ್ಚಬೇಕು. ಅದು ಓಡತೊಡಗಿದ ಮೇಲೆ ಫ್ರಿಜ್, ಮಿಕ್ಸಿ, ಇನ್ವರ್ಟರ್.

ಫ್ರಿಜ್ಜಿನ ವಿಷಯದಲ್ಲಿ ಜನರ ಆತಂಕ ಸ್ವಲ್ಪ ಅತಿ. ಬಾಗಿಲು ತೆರೆಯದಿದ್ದರೆ ನಾಲ್ಕು ಗಂಟೆ ಅದು ತಣ್ಣಗಿರುತ್ತದೆ. ಮೇಲಿನ ಖಾನೆಯಲ್ಲಿ ನೀರಿನ ಬಾಟಲಿಗಳನ್ನು ಗಟ್ಟಿಯಾಗಿಸಿ ಇಟ್ಟರೆ ಇನ್ನೂ ಹೆಚ್ಚು. ಬಳಕೆಯಲ್ಲಿರುವ ಹೆಚ್ಚಿನ ಬಗೆಯ ಇನ್ಸುಲಿನ್ ಮಳೆಗಾಲದ ಮಲೆನಾಡಿನ ತಂಪಿನಲ್ಲಿ ಫ್ರಿಜ್ಜಿನ ಹೊರಗೇ ಸುಮಾರು ನಾಲ್ಕು ವಾರ ಕೆಡುವುದಿಲ್ಲ. ಎಷ್ಟು ದಿನ, ಎಷ್ಟು ಉಷ್ಣಾಂಶ ಎಂಬುದು ಪೊಟ್ಟಣದ ಒಳಗಿನ ಚೀಟಿಯಲ್ಲಿರುತ್ತದೆ.

ಆತಂಕ ಪಡಬೇಕಾದದ್ದು ಇನ್ವರ್ಟರ್ ಬ್ಯಾಟರಿಯ ಬಗ್ಗೆ. ಸೀಸ-ಆಮ್ಲದ 150 ಆಂಪಿಯರ್-ಅವರ್ ಬ್ಯಾಟರಿ ಅವಸರಕ್ಕೆ ಬಗ್ಗುವುದಿಲ್ಲ. ಸಾಮಾನ್ಯ ಇನ್ವರ್ಟರ್ ಅದಕ್ಕೆ ಹತ್ತು ಹದಿನೈದು ಆಂಪಿಯರ್ ಮಾತ್ರ ಉಣಿಸುತ್ತದೆ, ಕೊನೆಯ ಐದನೇ ಒಂದು ಭಾಗ ತುಂಬುವುದಂತೂ ಆಮೆ ನಡಿಗೆ. ಪೂರ್ತಿ ತುಂಬಲು ಹತ್ತು ಗಂಟೆಗೂ ಮೇಲೆ ಬೇಕು. ಅದಕ್ಕೋಸ್ಕರ ಜನರೇಟರ್ ಓಡಿಸುತ್ತ ಕೂರುವುದು ಶುದ್ಧ ದಂಡ. ಮೂರು ಗಂಟೆಯಲ್ಲಿ ಎಷ್ಟು ತುಂಬುತ್ತದೋ ಅಷ್ಟನ್ನು ತೆಗೆದುಕೊಳ್ಳಿ: ಒಂಬತ್ತು ವ್ಯಾಟಿನ ಐದು ಬಲ್ಬ್‌ಗಳು ರಾತ್ರಿ ಐದು ಗಂಟೆ ಉರಿಯಲು, ಮೊಬೈಲುಗಳು ತುಂಬಲು ಅದು ಸಾಕಾಗುತ್ತದೆ. ಲಿಥಿಯಂ ಬ್ಯಾಟರಿ ಇದೇ ಹೊತ್ತಿನಲ್ಲಿ ಇದಕ್ಕಿಂತ ಬಹಳ ಹೆಚ್ಚು ನುಂಗಬಲ್ಲದು. ಜನರೇಟರ್ ಇರುವ ಮನೆಗೆ ಅದರ ಹೆಚ್ಚಿನ ಬೆಲೆ ಸಾರ್ಥಕವಾಗುವುದು ಇಲ್ಲಿಯೇ.

ಯಂತ್ರವೂ ವಿಶ್ರಾಂತಿ ಕೇಳುತ್ತದೆ. ಸಣ್ಣ ಪೆಟ್ರೋಲ್ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ನೂರು ಗಂಟೆಗೊಮ್ಮೆ ಆಯಿಲ್ ಬದಲಿಸಬೇಕು. ಎಡೆಬಿಡದೆ ಓಡಿಸಿದರೆ ನೂರು ಗಂಟೆ ಎಂದರೆ ನಾಲ್ಕು ದಿನ ಚಿಲ್ಲರೆ. 2017ರ ಸೆಪ್ಟೆಂಬರ್ 20ರಂದು ಮಾರಿಯಾ ಚಂಡಮಾರುತ ಪೋರ್ಟೊ ರಿಕೊ ದ್ವೀಪವನ್ನು ಅಪ್ಪಳಿಸಿದ ಮೇಲೆ ಅಲ್ಲಿನ ಕೊನೆಯ ಮನೆಗಳಿಗೆ ಕರೆಂಟು ಮರಳಲು ಸುಮಾರು ಹನ್ನೊಂದು ತಿಂಗಳು ಬೇಕಾಯಿತು. ಕೆಲವು ಗಂಟೆಗಳಿಗೆಂದು ಕೊಂಡ ಯಂತ್ರಗಳು ತಿಂಗಳುಗಟ್ಟಲೆ ದುಡಿಯಬೇಕಾಗಿ ಬಂದ ಕಾಲ ಅದು.

ಇಷ್ಟು ಹೊತ್ತು ಹೇಳಿದ್ದು ಎಣ್ಣೆ ಉಳಿಸುವ ಮಾತು. ಜೀವ ಉಳಿಸುವ ಮಾತು ಎರಡಿವೆ.

ಮೊದಲನೆಯದು ಹೊಗೆ. ಸಣ್ಣ ಎಂಜಿನ್ನುಗಳಲ್ಲಿ, ಒಳಬರುವ ಗಾಳಿಯಲ್ಲಿ ಪೂರ್ತಿ ಉರಿಯಬಲ್ಲದ್ದಕ್ಕಿಂತ ಪೆಟ್ರೋಲಿನ ಪಾಲು ತುಸು ಹೆಚ್ಚಿರುವಂತೆ, ಎರಡನ್ನೂ ಬೆರೆಸುವ ಕಾರ್ಬ್ಯುರೇಟರನ್ನು ಹೊಂದಿಸಿರುತ್ತಾರೆ. ಕಾರಿನಲ್ಲಿರುವಂತೆ ಹೊಗೆ ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸಾಮಾನ್ಯವಾಗಿ ಇರುವುದಿಲ್ಲ. ಫಲವಾಗಿ ಎತ್ತಿ ಒಯ್ಯಬಹುದಾದ ಒಂದು ಸಣ್ಣ ಜನರೇಟರ್ ನೂರಾರು ಕಾರುಗಳಷ್ಟು ಕಾರ್ಬನ್ ಮಾನಾಕ್ಸೈಡ್ ಉಗುಳಬಲ್ಲದೆಂದು ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಎಚ್ಚರಿಸುತ್ತದೆ. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಅನಿಲ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು. ಮಳೆಯ ಥಂಡಿಗೆ ಹೀಗಾಗಿದೆ ಎಂದುಕೊಂಡು ಮಲಗಿದವರು ಏಳುವುದಿಲ್ಲ. 2021ರ ಫೆಬ್ರವರಿಯಲ್ಲಿ ಟೆಕ್ಸಸ್ ಹಿಮದಲ್ಲಿ ಕತ್ತಲಾದಾಗ ಚಳಿಯ ಜೊತೆಗೆ ಈ ಅನಿಲವೂ ಜನರನ್ನು ಕೊಂದಿತು. ನಮ್ಮಲ್ಲಿ ಅಪಾಯದ ರೂಪ ಬೇರೆ. ಎರಚಲಿಗೆ ನೆನೆಯದಿರಲೆಂದು ಜನರೇಟರನ್ನು ಜಗಲಿಗೋ ಕೊಟ್ಟಿಗೆಗೋ ತರುತ್ತೇವೆ, ಹೆಂಚಿನ ಸಂದಿಯಿಂದ ಹೊಗೆ ಹೋಗುತ್ತದಲ್ಲ ಎಂದು ಸಮಾಧಾನಪಡುತ್ತೇವೆ. ಹೋಗುವುದಿಲ್ಲ. ಬಾಗಿಲು ಕಿಟಕಿಗಳಿಂದ ಕನಿಷ್ಠ ಆರು ಮೀಟರ್ ದೂರದಲ್ಲಿ, ಸುತ್ತ ತೆರೆದ ಸಣ್ಣ ಮಾಡು ಹಾಕಿ, ಸೈಲೆನ್ಸರಿನ ಬಾಯಿ ಮನೆಗೆ ಬೆನ್ನು ಮಾಡಿರುವಂತೆ ಇಡಬೇಕು.

ಎರಡನೆಯದು ಎರಡು ತುದಿಗೂ ಪಿನ್ ಇರುವ ವೈರು. ಜನರೇಟರಿನಿಂದ ತಂದು ಗೋಡೆಯ ಸಾಕೆಟ್ಟಿಗೆ ಚುಚ್ಚಿದರೆ ಇಡೀ ಮನೆಗೆ ಕರೆಂಟು ಬರುತ್ತದೆ, ನಿಜ. ಮೇನ್ ಆರಿಸಲು ಮರೆತರೆ ಅದು ಮೀಟರ್ ದಾಟಿ ಊರಿನ ಟಿಸಿಯವರೆಗೂ, ಅಂದರೆ ಟ್ರಾನ್ಸ್‌ಫಾರ್ಮರಿನವರೆಗೂ ಹೋಗುತ್ತದೆ. ಟ್ರಾನ್ಸ್‌ಫಾರ್ಮರಿಗೆ ದಿಕ್ಕಿನ ಭೇದವಿಲ್ಲ: 11,000 ವೋಲ್ಟನ್ನು ಮನೆಬಳಕೆಯ ಮಟ್ಟಕ್ಕೆ ಇಳಿಸುವ ಅದೇ ಸುರುಳಿಗಳು ಹಿಂದಿನಿಂದ ಬಂದದ್ದನ್ನು ಅಷ್ಟೇ ಪಟ್ಟು ಏರಿಸುತ್ತವೆ. ಲೈನ್ ಊರಿಗೆಲ್ಲ ಜೋಡಿಕೊಂಡಿದ್ದರೆ ಸಣ್ಣ ಯಂತ್ರ ಭಾರ ತಾಳದೆ ನಿಂತುಹೋದೀತು. ಆದರೆ ತಂತಿ ತುಂಡಾಗಿ ಬಿದ್ದ ಜಾಗದಲ್ಲಿ ಭಾರವೇ ಇರುವುದಿಲ್ಲ, ವೋಲ್ಟೇಜ್ ಹಾಗೆಯೇ ನಿಂತಿರುತ್ತದೆ. ಆ ತುಂಡನ್ನು ಜೋಡಿಸಲು ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮ್ಯಾನ್ ಮುಟ್ಟುವುದು ನಿಮ್ಮ ಅಂಗಳದ ಕರೆಂಟನ್ನು. ಗ್ರಿಡ್ ಅಥವಾ ಜನರೇಟರ್, ಎರಡರಲ್ಲಿ ಒಂದಕ್ಕೆ ಮಾತ್ರ ಮನೆಯನ್ನು ಜೋಡಿಸುವ ಚೇಂಜ್‌ಓವರ್ ಸ್ವಿಚ್ಚಿನ ಬೆಲೆ ಜನರೇಟರಿನ ಬೆಲೆಯ ಮುಂದೆ ಏನೂ ಅಲ್ಲ. ಅದಿಲ್ಲದೆ ಜನರೇಟರ್ ಮಾರುವುದನ್ನೇ ನಿಲ್ಲಿಸಬೇಕು ಎನ್ನುವುದು ನನ್ನ ಅಭಿಪ್ರಾಯ.

ಮಾಡಿನ ಮೇಲೆ ಸೋಲಾರ್ ಇದೆಯಲ್ಲ ಎನ್ನುವವರೂ ಇದ್ದಾರೆ. ಬ್ಯಾಟರಿಯಿಲ್ಲದ, ಗ್ರಿಡ್‌ಗೆ ಜೋಡಿಸಿದ ಸೋಲಾರ್ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ಅದೇ ಲೈನ್‌ಮ್ಯಾನಿನ ರಕ್ಷಣೆಗಾಗಿ ಹಾಗೆ ಮಾಡಿದ್ದಾರೆ. ಬ್ಯಾಟರಿ ಇದ್ದರೂ ಆಶ್ಲೇಷದ ಮೋಡದಡಿ ಅದನ್ನು ನಂಬಿ ಪಂಪ್ ಓಡಿಸುವಂತಿಲ್ಲ.

ಇನ್ನು ಕೆಲವು ತಕರಾರುಗಳು ಮಳೆ ಬಂದ ಮೇಲೆಯೇ ತಲೆಯೆತ್ತುತ್ತವೆ. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೂ ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರುತ್ತದೆ, ನೀರು ಹೆಚ್ಚಾದರೆ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಕಳೆದ ವರ್ಷದ ಪೆಟ್ರೋಲ್ ಕಾರ್ಬ್ಯುರೇಟರಿನಲ್ಲೇ ಉಳಿದಿದ್ದರೆ ಹಗ್ಗ ಎಷ್ಟು ಎಳೆದರೂ ಎಂಜಿನ್ ಮಾತಾಡುವುದಿಲ್ಲ. ಜನರೇಟರಿನ ವೋಲ್ಟೇಜ್ ಮತ್ತು ಆವರ್ತನೆ ತುಸು ಓಲಾಡಿದರೂ ಕೆಲವು ಇನ್ವರ್ಟರ್‌ಗಳು ಅದನ್ನು ಕರೆಂಟೆಂದೇ ಒಪ್ಪುವುದಿಲ್ಲ. ಇನ್ವರ್ಟರಿನ ಹಿಂಬದಿಯ ಸ್ವಿಚ್ಚನ್ನು 'ಯುಪಿಎಸ್' ಸ್ಥಿತಿಯಿಂದ ಸಾಮಾನ್ಯ ಸ್ಥಿತಿಗೆ ತಿರುಗಿಸಿದರೆ ಹೆಚ್ಚಿನವು ಒಪ್ಪುತ್ತವೆ. ಮೇ ತಿಂಗಳ ಒಂದು ಸಂಜೆ ಚೇಂಜ್‌ಓವರ್ ತಿರುಗಿಸಿ ಪಂಪ್, ಫ್ರಿಜ್, ಇನ್ವರ್ಟರ್ ಮೂರನ್ನೂ ಜನರೇಟರಿನಿಂದ ಓಡಿಸಿ ನೋಡಿದರೆ ಇವೆಲ್ಲ ಬಯಲಾಗುತ್ತವೆ. ಎಲೆಕ್ಟ್ರಿಷಿಯನ್‌ಗೆ ಆಗ ಬಿಡುವಿರುತ್ತದೆ, ರಸ್ತೆಯೂ ಇರುತ್ತದೆ.