ದಾಖಲೆಯಲ್ಲಿ ನ್ಯೂಟನ್, ಫೈಲಿನಲ್ಲಿ ಪೌಂಡ್

1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳನ ಹಿಂದೆ ಮರೆಯಾಯಿತು. ಮತ್ತೆ ಸಿಗ್ನಲ್ ಬರಲೇ ಇಲ್ಲ. ನೆಲದಿಂದ 226 ಕಿ.ಮೀ. ಎತ್ತರದಲ್ಲಿ ಹಾಯಬೇಕಿದ್ದ ನೌಕೆ 57 ಕಿ.ಮೀ.ಗೆ ಇಳಿದಿತ್ತು ಅಂತ ಆಮೇಲೆ ಲೆಕ್ಕ ಹಾಕಿದಾಗ ಗೊತ್ತಾಯಿತು.

ಅಳತೆಯ ಗೊಂದಲ ಅಂತ ಈ ಕಥೆಯನ್ನು ಸುಮಾರು ಜನ ಕೇಳಿರುತ್ತಾರೆ. ಅದರೊಳಗಿನ ದಾಖಲೆಯ ಕಥೆ ಮಾತ್ರ ಅಷ್ಟಾಗಿ ಯಾರಿಗೂ ನೆನಪಿಲ್ಲ.

ಇಂಥ ದಾಖಲೆಗಳು ಬೆಳೆದು ಬಂದ ದಾರಿಯನ್ನು ಮೊದಲು ನೋಡೋಣ. ಶುರುವಿನಲ್ಲಿ ಕೈಪಿಡಿ ಅಂದರೆ ಒಂದು ಯಂತ್ರ, ಅದನ್ನು ನಡೆಸುವ ಒಬ್ಬ ಮನುಷ್ಯ. ಮಿಕ್ಸಿ ಡಬ್ಬದಲ್ಲಿ ಬಂದ ಪುಸ್ತಕ ಓದದಿದ್ದರೂ ಚಟ್ನಿ ಆಗುತ್ತೆ, ಅಲ್ವಾ? ವಿಮಾನದಲ್ಲಿ ಹಾಗಲ್ಲ. 1935ರ ಅಕ್ಟೋಬರ್ 30ರಂದು ಅಮೆರಿಕದ ಓಹಾಯೊದಲ್ಲಿ ಬೋಯಿಂಗ್‌ನ ಮಾಡೆಲ್ 299 ಮೇಲೇರಿದ ಕೂಡಲೇ ಬಿತ್ತು. ನಿಂತ ವಿಮಾನದ ಬಾಲದ ಪಟ್ಟಿಗಳು ಗಾಳಿಗೆ ಅಲ್ಲಾಡದಂತೆ ಹಾಕಿದ್ದ ಲಾಕ್ ತೆಗೆಯಲು ಮರೆತಿದ್ದರು. ಇಬ್ಬರು ಸತ್ತರು. ಇಷ್ಟೆಲ್ಲ ನೆನಪಿನಲ್ಲಿಟ್ಟುಕೊಳ್ಳುವುದು ಆಗದ ಮಾತು ಅಂತ ಪೈಲಟ್‌ಗಳು ಚೆಕ್‌ಲಿಸ್ಟ್ ಮಾಡಿಕೊಂಡರು.

ಆಮೇಲೆ ಭಾಷೆಯ ಸರದಿ. ರಿಪೇರಿ ಮಾಡುವ ಎಲ್ಲರಿಗೂ ಇಂಗ್ಲಿಷ್ ಮನೆಮಾತಲ್ಲವಲ್ಲ. 1986ರಲ್ಲಿ ಯುರೋಪಿನ ವಿಮಾನ ಉದ್ಯಮ ಸರಳ ಇಂಗ್ಲಿಷಿನ ನಿಯಮಗಳನ್ನು ಹೊರತಂದಿತು. ಕೆಲಸ ಹೇಳುವ ವಾಕ್ಯ 20 ಪದ ದಾಟಬಾರದು. ‘ಫಾಲೋ’ ಅಂದರೆ ‘ಹಿಂದೆ ಬರು’ ಅಷ್ಟೇ. ‘ಪಾಲಿಸು’ ಅನ್ನಲು ಬೇರೆ ಪದ ಹುಡುಕಬೇಕು. ಸುಮ್ನೆ ಮಡಿವಂತಿಕೆ ಅನ್ನಿಸಬಹುದು. ರೆಕ್ಕೆಯ ಕೆಳಗೆ ಟಾರ್ಚ್ ಹಿಡಿದು ಓದುವವನಿಗೆ ಅದೇ ಆಸರೆ.

ಮಂಗಳನ ನೌಕೆಯಲ್ಲಿ ತೊಡಕು ಬೇರೆ ಕಡೆ ಇತ್ತು: ಎರಡು ತಂಡಗಳು ಕೂಡುವ ಜಾಗದಲ್ಲಿ. ಥ್ರಸ್ಟರ್ (ನೌಕೆಯನ್ನು ನೂಕುವ ಪುಟ್ಟ ಎಂಜಿನ್) ಪ್ರತಿಸಲ ಎಷ್ಟು ನೂಕಿತು ಅನ್ನುವ ಲೆಕ್ಕ, ನೌಕೆ ಕಟ್ಟಿದ ಡೆನ್ವರ್‌ನ ಲಾಕ್‌ಹೀಡ್ ಮಾರ್ಟಿನ್ ಕಂಪನಿಯ ತಂಡದಿಂದ ಪೌಂಡ್‌ ಲೆಕ್ಕದಲ್ಲಿ ಬರುತ್ತಿತ್ತು. ಪಾಸಡೀನಾದಲ್ಲಿರುವ ನಾಸಾದ ಪ್ರಯೋಗಾಲಯ ಜೆಪಿಎಲ್ ಅದನ್ನು ನ್ಯೂಟನ್ ಅಂದುಕೊಂಡು ಬಳಸುತ್ತಿತ್ತು. ಒಂದು ಪೌಂಡ್ ಬಲ ಅಂದರೆ ಸುಮಾರು 4.45 ನ್ಯೂಟನ್. ಹಾಗಾಗಿ ಪ್ರತಿ ನೂಕೂ ನಿಜಕ್ಕಿಂತ ಅಷ್ಟು ಪಟ್ಟು ಚಿಕ್ಕದಾಗಿ ಕಂಡಿತು.

ಅಳತೆ ನ್ಯೂಟನ್-ಸೆಕೆಂಡ್‌ನಲ್ಲೇ (ಬಲವನ್ನು ನೂಕಿದ ಸಮಯದಿಂದ ಗುಣಿಸಿದ ಅಳತೆ) ಇರಬೇಕು ಅಂತ ಇಂಟರ್‌ಫೇಸ್ ದಾಖಲೆ, ಅಂದರೆ ತಂಡಗಳ ನಡುವೆ ಮಾಹಿತಿ ಯಾವ ರೂಪದಲ್ಲಿ ಹೋಗಬೇಕು ಅಂತ ಬರೆದಿಟ್ಟ ದಾಖಲೆ, ಸ್ಪಷ್ಟವಾಗಿ ಹೇಳಿತ್ತು. ಬರೆದವರ ತಪ್ಪೇನೂ ಇರಲಿಲ್ಲ. ಹೊರಬಂದ ಫೈಲನ್ನು ಆ ಪುಟದ ಪಕ್ಕ ಇಟ್ಟು ತಾಳೆ ನೋಡುವ ಕೆಲಸ ಮಾತ್ರ ಸರಿಯಾಗಿ ಆಗಲಿಲ್ಲ. ಮೊದಲ ನಾಲ್ಕು ತಿಂಗಳಂತೂ ಫೈಲ್ ಫಾರ್ಮ್ಯಾಟ್ ಕೆಟ್ಟಿದ್ದರಿಂದ ಮಾಹಿತಿ ಇ-ಮೇಲ್‌ನಲ್ಲೇ ಓಡಾಡಿತು. ಫೈಲ್ ಸರಿಹೋದ ಮೇಲೆ ಲೆಕ್ಕ ಕೂಡುತ್ತಿಲ್ಲ ಅಂತ ಪಥ ನೋಡಿಕೊಳ್ಳುವವರಿಗೆ ಅನುಮಾನ ಬಂತು. ಅದನ್ನೂ ಇ-ಮೇಲ್‌ನಲ್ಲೇ ಹೇಳಿದರು. ದೋಷ ದಾಖಲಿಸುವ ಫಾರಂ ತುಂಬಲಿಲ್ಲ.