ನೀರಿನ ಬೆನ್ನು ಹತ್ತಿದ ಸೊರ

ಕೋಲಾರದಿಂದ ಸಮುದ್ರ ದೂರ. ಆದರೂ ಭಾನುವಾರ ಬೆಳಗ್ಗೆ ಮೀನಂಗಡಿಗೆ ಹೋದರೆ ಕೆಲವೊಮ್ಮೆ ಐಸಿನ ಮೇಲೆ ಮೊಳದುದ್ದದ ಸೊರ ಮಲಗಿರುತ್ತದೆ. ಬಾಣಂತಿಗೆ ಹಾಲು ಜಾಸ್ತಿಯಾಗುತ್ತೆ ಅಂತ ಹುಡುಕಿಕೊಂಡು ಬರುವವರಿದ್ದಾರೆ. ಕೆಜಿಎಫ್ ಕಡೆಯವರು ಪುಟ್ಟು, ಅಂದ್ರೆ ಉದುರುದುರಾದ ಮೀನಿನ ಪಲ್ಯ, ಮಾಡೋಕೆ ಒಯ್ಯುತ್ತಾರೆ. ತಲೆಯಿಂದ ಬಾಲದ ಕಡೆಗೆ ಕೈಯಾಡಿಸಿದರೆ ನುಣುಪು. ಬಾಲದಿಂದ ತಲೆಗೆ ಸವರಿದರೆ ಥೇಟ್ ಉಪ್ಪು ಕಾಗದ. ಸಿನಿಮಾದ ಶಾರ್ಕ್ ಬೇರೆ, ನಮ್ಮ ಸೊರ ಬೇರೆ ಅಂದುಕೊಂಡವರೇ ಜಾಸ್ತಿ. ಎರಡೂ ಒಂದೇ ಕುಲ.

ಎಲ್ಲಿಂದ ಬಂತು ಅಂತ ಕೇಳಿದರೆ "ಚೆನ್ನೈ ಲೋಡು ಅಣ್ಣಾ" ಅನ್ನುತ್ತಾನೆ ಅಂಗಡಿಯವನು. ಬಲೆಗೆ ಬೀಳೋ ಮುಂಚೆ ಅದು ಎಲ್ಲೆಲ್ಲಿ ತಿರುಗಿತ್ತೋ, ಅವನಿಗೇನು ಗೊತ್ತು? ಬಹಳ ಕಾಲ ವಿಜ್ಞಾನಿಗಳಿಗೂ ಗೊತ್ತಿರಲಿಲ್ಲ.

1962ರಲ್ಲಿ ಅಮೆರಿಕದ ಪೂರ್ವ ಕರಾವಳಿಯಲ್ಲಿ ಒಂದು ಕೆಲಸ ಶುರುವಾಯಿತು. ಹವ್ಯಾಸಕ್ಕೆ ಗಾಳ ಹಾಕುವವರು ಶಾರ್ಕ್ ಸಿಕ್ಕರೆ ಅದರ ಮೈಗೆ ನಂಬರಿನ ಬಿಲ್ಲೆ ಚುಚ್ಚಿ ಬಿಟ್ಟುಬಿಡಬೇಕು. ನಮ್ಮ ಸೀಮೆಹಸುವಿನ ಕಿವಿಗೆ ಓಲೆ ಹಾಕುತ್ತಾರಲ್ಲ, ಹಾಗೆ. ಅದೇ ಮೀನು ಮತ್ತೆ ಸಿಕ್ಕರೆ ಹೊರಟ ಊರು, ಸೇರಿದ ಊರು ತಿಳಿಯುತ್ತಿತ್ತು. ನಡುವಿನ ದಾರಿ ಮಾತ್ರ ಕತ್ತಲೆ.

ಆ ಕತ್ತಲೆ ಕಳೆದದ್ದು ಉಪಗ್ರಹದ ಮೂಲಕ ದಾರಿಯ ಸುದ್ದಿ ಕಳಿಸುವ ಟ್ಯಾಗ್ ಬಂದ ಮೇಲೆ. 2003ರಲ್ಲಿ ದಕ್ಷಿಣ ಆಫ್ರಿಕಾದ ಹತ್ತಿರ ಒಂದು ಹೆಣ್ಣು ಬಿಳಿ ಶಾರ್ಕ್‌ಗೆ ಟ್ಯಾಗ್ ಹಾಕಿದರು. ನಿಕೋಲ್ ಅಂತ ಹೆಸರೂ ಇಟ್ಟರು. ಅದು ಹಿಂದೂ ಮಹಾಸಾಗರ ದಾಟಿ 99 ದಿನದಲ್ಲಿ ಸುಮಾರು 11,000 ಕಿ.ಮೀ. ಈಜಿ ಆಸ್ಟ್ರೇಲಿಯಾ ಮುಟ್ಟಿತು. ಒಂಬತ್ತು ತಿಂಗಳೊಳಗೆ ವಾಪಸ್ ಊರಿಗೂ ಬಂತು!

ಇಷ್ಟೆಲ್ಲ ಯಾಕೆ ಅಲೆಯಬೇಕು? ರಾಗಿ ಕುಯ್ಲು ಮುಗಿದ ಮೇಲೆ ಕುರಿ ಮಂದೆಯವರು ಊರಿಂದೂರಿಗೆ ಹೋಗೋದನ್ನು ನೋಡಿದ್ದೀರಲ್ವಾ? ಮೇವು ಎಲ್ಲಿದೆಯೋ ಅಲ್ಲಿಗೆ. ಶಾರ್ಕ್ ಮೇವಿನ ಜೊತೆಗೆ ನೀರಿನ ಬಿಸಿಯನ್ನೂ ನೋಡುತ್ತದೆ. ಬಿಳಿ ಶಾರ್ಕ್‌ನಂಥ ಕೆಲವು ಮೈ ಬೆಚ್ಚಗಿಟ್ಟುಕೊಳ್ಳಬಲ್ಲವು. ಉಳಿದವುಗಳಿಗೆ ನೀರಿಗೆಷ್ಟು ಬಿಸಿಯೋ ಮೈಗೂ ಅಷ್ಟೇ.

ಈಗ ಆ ನೀರೇ ಕಾದಿದೆ. 2014ರಿಂದ 2016ರವರೆಗೆ ಪೆಸಿಫಿಕ್ ಸಮುದ್ರದ ಒಂದು ದೊಡ್ಡ ಭಾಗ ವಿಪರೀತ ಬಿಸಿಯಾಯಿತು. ದಕ್ಷಿಣ ಕ್ಯಾಲಿಫೋರ್ನಿಯಾದ ಬೆಚ್ಚನೆ ನೀರಲ್ಲಿರುತ್ತಿದ್ದ ಬಿಳಿ ಶಾರ್ಕ್ ಮರಿಗಳು ಎಷ್ಟೋ ಉತ್ತರದ ಮಾಂಟೆರೆ ಕೊಲ್ಲಿಯಲ್ಲಿ ಕಾಣಿಸಿಕೊಂಡವು. ಅಟ್ಲಾಂಟಿಕ್‌ನ ಹುಲಿ ಶಾರ್ಕ್‌ಗಳದ್ದು ಇನ್ನೂ ಸ್ಪಷ್ಟ ಲೆಕ್ಕ. 2022ರ ಅಧ್ಯಯನದ ಪ್ರಕಾರ ನೀರು ಮಾಮೂಲಿಗಿಂತ ಒಂದು ಡಿಗ್ರಿ ಬಿಸಿಯಾದರೆ ಅವು ಸುಮಾರು 400 ಕಿ.ಮೀ. ಹೆಚ್ಚು ಉತ್ತರಕ್ಕೆ ಹೋಗುತ್ತವೆ, ಅದೂ 14 ದಿನ ಮುಂಚೆ. ಇವುಗಳಿಗೆ ಆಸರೆಯಾಗಿದ್ದ, ಮೀನುಗಾರಿಕೆಗೆ ಮಿತಿ ಹಾಕಿದ ಜಾಗಗಳು ಮಾತ್ರ ಇದ್ದಲ್ಲೇ ಇವೆ. ಬೇಲಿ ಇಲ್ಲಿ, ಮಂದೆ ಅಲ್ಲಿ.

ಇನ್ನೊಂದು ತೊಂದರೆ ಉಸಿರಿನದ್ದು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ. ಅಟ್ಲಾಂಟಿಕ್‌ನಲ್ಲಿ ಆಮ್ಲಜನಕ ತೀರಾ ಕಡಿಮೆಯಿರುವ, ಉಸಿರು ಕಟ್ಟಿಸುವ ಪದರದ ಮೇಲೆ ನೀಲಿ ಶಾರ್ಕ್‌ಗಳು ಆಳಕ್ಕಿಳಿಯದೆ ಮೇಲ್ಮೈ ಹತ್ತಿರವೇ ಉಳಿಯುವುದು ಕಂಡಿದೆ. ನಮ್ಮ ಬೋರ್‌ವೆಲ್ ಕೆಳಕೆಳಗೆ ಹೋದರೆ ಅವು ಮೇಲುಮೇಲಕ್ಕೆ. ಮೇಲೆ ಗಾಳದ ಸಾಲು ಕಾದಿರುತ್ತದೆ. ಅರಬ್ಬಿ ಸಮುದ್ರದಲ್ಲೂ ಇಂಥ ಪದರವಿದೆ, ಜಗತ್ತಿನ ಅತಿ ದೊಡ್ಡವುಗಳಲ್ಲಿ ಒಂದು.

ನಮ್ಮ ಕಡಲಿನ ಕತೆ ಬೇರೆಯಲ್ಲ. ಹಿಂದೂ ಮಹಾಸಾಗರ 1950ರಿಂದ ದಶಕಕ್ಕೆ ಸುಮಾರು 0.12 ಡಿಗ್ರಿಯಂತೆ ಬಿಸಿಯಾಗುತ್ತಿದೆ. ಒಂದು ಕಾಲಕ್ಕೆ ಹೆಚ್ಚಾಗಿ ಕೇರಳ, ಕರ್ನಾಟಕದ ಕರಾವಳಿಯದ್ದೇ ಆಗಿದ್ದ ಬೂತಾಯಿ ಮೀನು ಆಮೇಲೆ ತಮಿಳುನಾಡಿನ ಬಲೆಗೂ ಬೀಳತೊಡಗಿತು. ಮೇವು ಜಾಗ ಬದಲಿಸಿದರೆ ಅದನ್ನು ತಿನ್ನುವವರು ಸುಮ್ನೆ ಕೂರುತ್ತಾರೆಯೇ?

ಗುಜರಾತ್ ಕರಾವಳಿಗೆ ಬರುವ ತಿಮಿಂಗಿಲ ಶಾರ್ಕ್‌ಗೆ 2001ರಲ್ಲಿ ಕಾನೂನಿನ ರಕ್ಷಣೆ ಸಿಕ್ಕಿತು. ಹಿಡಿಯುವಂತಿಲ್ಲ. ಆದರೆ ಸಮುದ್ರ ಹೀಗೇ ಕಾದರೆ ಈ ದೈತ್ಯ ಮೀನುಗಳು ಹಡಗುಗಳ ದಟ್ಟ ದಾರಿಗೆ ಹೆಚ್ಚೆಚ್ಚು ಬೀಳುತ್ತವೆ ಅನ್ನುತ್ತದೆ 2024ರ ಅಧ್ಯಯನ. ಅವು ಈಜೋದು ನಿಧಾನ, ಅದರಲ್ಲೂ ಬಹಳ ಹೊತ್ತು ಮೇಲ್ಮೈಯಲ್ಲೇ. ಚೆನ್ನೈ ಲೋಡಿನ ಲಾರಿಗಳು ನುಗ್ಗಿ ಬರೋ ನಮ್ಮ ಹೈವೇಯಲ್ಲಿ ಎಮ್ಮೆಯೊಂದು ನಡುರಾತ್ರಿ ರಸ್ತೆ ದಾಟಿದಂತೆ.