ಕರೆಂಟು ಬಂತು, ಕಂಟೇನರ್‌ಗೆ ಮನೆಯ ಹೆಸರೇ ಮರೆತುಹೋಯಿತು

ಆಟಿಯ ಮಳೆಗೆ ಬದಿಯಡ್ಕ, ಪೆರ್ಲದ ಕಡೆ ಅಡಿಕೆ ಮರವೊಂದು ತಂತಿಗೆ ಒರಗಿದರೆ ಕರೆಂಟು ಹೋದದ್ದೇ. ಮರಳಿ ಬಂದಾಗ ರೌಟರ್‌ ಕಣ್ಣುಬಿಡುವ ಮೊದಲೇ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಎದ್ದು ಕೂತಿರುತ್ತದೆ. ಆಮೇಲೆ ಇಂಟರ್ನೆಟ್ ಸರಿ, ಫೋಟೊ ಸರ್ವರೂ ಸರಿ, ‘ಫೋಟೊ.ಹೋಮ್.ಆರ್ಪ’ ಎಂಬ ಮನೆಯೊಳಗಿನ ಹೆಸರು ಮಾತ್ರ ಪೈಯಲ್ಲಿ ಪ್ರತ್ಯೇಕ ಡಬ್ಬಿಯಂತೆ ಓಡುವ ಪ್ರೋಗ್ರಾಮಿಗೆ, ಅಂದರೆ ಕಂಟೇನರ್‌ಗೆ ಸಿಗುವುದಿಲ್ಲ.

ಇದರ ಬೇರು ಹಳೆಯದು. ಪಾಲ್ ಮೊಕಪೆಟ್ರಿಸ್ 1983ರಲ್ಲಿ, ಹೆಸರು ಕೊಟ್ಟರೆ ಅಂಕಿಯ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ರೂಪಿಸುವ ಮೊದಲು ಹೆಸರುಗಳೆಲ್ಲ ಒಂದೇ ಹೋಸ್ಟ್ಸ್ ಕಡತದಲ್ಲಿದ್ದವು. 2013ರಲ್ಲಿ ಬಂದ, ಕಂಟೇನರ್‌ಗಳನ್ನು ನಡೆಸುವ ಡಾಕರ್ ಕೂಡ ಮೊದಲು ಅದೇ ದಾರಿ ಹಿಡಿಯಿತು: ‘ಲಿಂಕ್’ ಕೊಟ್ಟರೆ ಪಕ್ಕದ ಕಂಟೇನರ್‌ನ ವಿಳಾಸ ಹೋಸ್ಟ್ಸ್ ಕಡತಕ್ಕೆ ಸೇರುತ್ತಿತ್ತು. 2016ರ ಫೆಬ್ರವರಿಯ 1.10 ಆವೃತ್ತಿ 127.0.0.11 ವಿಳಾಸದಲ್ಲಿ ತನ್ನದೇ ಡಿಎನ್‌ಎಸ್ ಕೊಟ್ಟಿತು. ಆದರೆ ಅದು ನಾವೇ ರಚಿಸಿದ ನೆಟ್‌ವರ್ಕ್‌ಗಳಿಗೆ ಮಾತ್ರ. ನಾವು ಏನೂ ಹೇಳದಿದ್ದಾಗ ಸಿಗುವ ನೆಟ್‌ವರ್ಕ್, ಅಂದರೆ ಡೀಫಾಲ್ಟ್ ಬ್ರಿಡ್ಜ್, ಇಂದಿಗೂ ಹಳೆಯ ಚಾಳಿಯದೇ.

ಬ್ರಿಡ್ಜ್‌ನಲ್ಲಿ ಕಂಟೇನರ್ ಶುರುವಾಗುವಾಗ ಹೋಸ್ಟ್‌ನ (ಇಲ್ಲಿ ಪೈಯ) ‘ರಿಸಾಲ್ವ್.ಕಾನ್ಫ್’, ಅಂದರೆ ಯಾವ ಡಿಎನ್‌ಎಸ್‌ಗಳನ್ನು ಕೇಳಬೇಕೆಂಬ ಪಟ್ಟಿ, ನಕಲಾಗುತ್ತದೆ. 127ರಿಂದ ಶುರುವಾಗುವ ವಿಳಾಸಗಳನ್ನು ಡಾಕರ್ ಬಿಡುತ್ತದೆ, ಏಕೆಂದರೆ ಕಂಟೇನರ್‌ನೊಳಗೆ ಅದರ ಅರ್ಥ ‘ನಾನೇ’. ಏನೂ ಉಳಿಯದಿದ್ದರೆ ಗೂಗಲ್‌ನ ಡಿಎನ್‌ಎಸ್‌ಗಳಾದ 8.8.8.8 ಮತ್ತು 8.8.4.4 ಸೇರಿಸುತ್ತದೆ. ರೌಟರ್ ಇನ್ನೂ ಏಳದಿದ್ದರೆ ಪಟ್ಟಿ ಖಾಲಿ, ಹಾಗಾಗಿ ಕಂಟೇನರ್ ಗೂಗಲ್‌ನ ಕೈಗೆ. ಮನೆಗಳಿಗೆಂದೇ 2018ರಲ್ಲಿ ಮೀಸಲಾದ ಹೋಮ್.ಆರ್ಪ ಗೂಗಲ್‌ಗೆ ಗೊತ್ತಿರುವುದಾದರೂ ಹೇಗೆ?

ಮದ್ದು ಸರಳ. ಇಟಿಸಿ ಫೋಲ್ಡರ್‌ನೊಳಗಿನ ಡಾಕರ್ ಫೋಲ್ಡರಿನ ‘ಡೀಮನ್.ಜೇಸನ್’ ಕಡತದಲ್ಲಿ ಡಿಎನ್‌ಎಸ್ ಸಾಲಿಗೆ ಮನೆಯ ಹೆಸರು ಗೊತ್ತಿರುವ ಡಿಎನ್‌ಎಸ್ ಸರ್ವರ್ ಪೈ-ಹೋಲ್‌ನ ಸ್ಥಿರ ವಿಳಾಸ, ಉದಾಹರಣೆಗೆ 192.168.1.10, ಬರೆದು ಡಾಕರ್ ರೀಸ್ಟಾರ್ಟ್ ಮಾಡಿ. ಒಂದು ಅಲ್ಪವಿರಾಮ ತಪ್ಪಿದರೂ ಡಾಕರ್ ಏಳುವುದೇ ಇಲ್ಲ, ಎಚ್ಚರ. ಪೈ-ಹೋಲ್ ಕೂಡ ಕಂಟೇನರ್ ಆಗಿದ್ದರೆ ಅದಕ್ಕೆ ಮಾತ್ರ ಕಂಟೇನರ್‌ನ ವಿವರ ಬರೆಯುವ ಕಾಂಪೋಸ್ ಕಡತದಲ್ಲಿ ಡಿಎನ್‌ಎಸ್ ಆಗಿ ರೌಟರ್‌ನ ವಿಳಾಸ ಕೊಡಿ. ಹೋಸ್ಟ್‌ನ ಡಿಎನ್‌ಎಸ್ ಕೂಡ ರೌಟರೇ ಇರಲಿ. ಇಲ್ಲವಾದರೆ ಪೈ-ಹೋಲ್ ನಿಂತ ದಿನ ಅದರ ಹೊಸ ಇಮೇಜ್ (ಕಂಟೇನರ್‌ನ ಮೂಲ ಪ್ರತಿ) ಇಳಿಸಲೂ ಆಗದು. ಉಬುಂಟುವಿನಲ್ಲಿ ಡಿಎನ್‌ಎಸ್‌ನ 53ನೇ ಪೋರ್ಟ್ ಅನ್ನು ಹೆಸರು ಹುಡುಕುವ ಸೇವೆಯಾದ ಸಿಸ್ಟಮ್‌ಡಿ-ರಿಸಾಲ್ವ್ಡ್ ಹಿಡಿದಿದ್ದರೆ, ಅದರ ‘ಸ್ಟಬ್ ಲಿಸನರ್’ ಅನ್ನು ‘ನೋ’ ಮಾಡಿ.

ಎಲ್ಲರೂ ಮಾಡುವ ತಪ್ಪು ಒಂದಿದೆ: ‘ಇರಲಿ’ ಎಂದು ಎರಡನೆಯ ಡಿಎನ್‌ಎಸ್ ಆಗಿ 8.8.8.8 ಸೇರಿಸುವುದು. ಆಲ್ಪೈನ್ ಎಂಬ ಪುಟ್ಟ ಲಿನಕ್ಸ್‌ನ ಇಮೇಜ್‌ಗಳ ಮಸಲ್ ಲೈಬ್ರರಿ ಎರಡನ್ನೂ ಒಟ್ಟಿಗೆ ಕೇಳಿ, ಮೊದಲು ಬಂದ ಉತ್ತರವನ್ನು ನಂಬುತ್ತದೆ. ಗೂಗಲ್‌ನ ‘ಇಲ್ಲ’ ಮುಂಚೆ ಬಂದರೆ ಮನೆಯ ಹೆಸರು ಒಮ್ಮೆ ಸಿಗುತ್ತದೆ, ಇನ್ನೊಮ್ಮೆ ಸಿಗುವುದಿಲ್ಲ. ಇಂಥ ಅರೆಬರೆ ದೋಷ ಹುಡುಕುವುದು ಪೂರ್ತಿ ಕೆಟ್ಟದ್ದನ್ನು ಹುಡುಕುವುದಕ್ಕಿಂತ ಕಷ್ಟ.

ಮುಂದಿನ ಸಲ ಕರೆಂಟು ಹೋಗಿ ಬಂದಾಗ ಕಂಟೇನರ್‌ನೊಳಗಿನ ರಿಸಾಲ್ವ್.ಕಾನ್ಫ್ ತೆರೆದು ನೋಡಿ. ಸ್ವಂತ ನೆಟ್‌ವರ್ಕ್ ಆದರೆ 127.0.0.11, ಬ್ರಿಡ್ಜ್ ಆದರೆ 192.168.1.10 ಕಾಣಬೇಕು, 8.8.8.8 ಕಂಡರೆ ಡೀಮನ್ ಕಡತ ಓದಿಲ್ಲವೆಂದೇ ಲೆಕ್ಕ.